ಮನೆಗೊಂದೇ ಚಾಳೀಸು

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ತಿಂಗಳು ತುಂಬಿದ ಸಂಜೆ, ಮನೆಗೆ ಬಂದವಳೇ ಅಮ್ಮನ ಹೊಲಿಗೆ ಮಷೀನಿನ ಮೇಲೆ ಒಂದು ಪುಟ್ಟ ಡಬ್ಬಿ ಇಟ್ಟಳು. ಒಳಗೆ ಹೊಸ ಚಾಳೀಸು ಇತ್ತು. ಅದು ಅಮ್ಮನಿಗೆಂದು ತಿಳಿದೊಡನೆ ಅಪ್ಪನ, ಅಂದರೆ ಪುಸ್ತಕದ ಬೈಂಡರನ, ಎದೆ ಧಸಕ್ಕೆಂದಿತು.

“ಮನೇಲಿ ಒಂದು ಇದೆಯಲ್ಲಮ್ಮ,” ಎಂದ.

“ಒಂದು ಕನ್ನಡಕ, ಎರಡು ಮೂಗು. ಅಂಗಡೀಲಿ ಹೇಳಿದ್ರೆ ನಗ್ತಾರೆ ಅಪ್ಪ.”

ಅಂಗಡಿಯಲ್ಲಿ ಯಾಕೆ ಹೇಳಬೇಕಿತ್ತು ಎಂಬುದು ಬೈಂಡರನ ಪ್ರಶ್ನೆ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ನಡೆದುಕೊಂಡು ಬಂದ ಪದ್ಧತಿ ಅದು. ಹಗಲೆಲ್ಲ ಚಾಳೀಸು ಹೆಂಡತಿಯ ಪಾಲು, ಅವಳು ಅಕ್ಕಪಕ್ಕದವರ ಅಂಗಿ, ಪರದೆ ಹೊಲಿಯುತ್ತಾಳೆ. ಬೈಂಡಿಂಗ್ ಅಂಗಡಿಯಲ್ಲಿ ಅವನಿಗೆ ಅದರ ಹಂಗಿಲ್ಲ. ಅಂಟು ಬಳಿಯುವುದು, ದಾರ ಎಳೆಯುವುದು ಎಲ್ಲವನ್ನೂ ಬೆರಳುಗಳೇ ನೋಡಿಕೊಳ್ಳುತ್ತವೆ. ಸಂಜೆ ಮನೆಗೆ ಬರುವಾಗ ಅಂಗಡಿಯಿಂದ ಹಿಂದಿನ ದಿನದ ಪತ್ರಿಕೆಯನ್ನು ಪುಕ್ಕಟೆಯಾಗಿ ತರುತ್ತಾನೆ. ಆಮೇಲೆ ಚಾಳೀಸು ಅವನ ಮೂಗಿಗೇರುತ್ತದೆ. ಅವನು ಗಟ್ಟಿಯಾಗಿ ಓದುತ್ತಾನೆ, ಅವಳು ತರಕಾರಿ ಹೆಚ್ಚುತ್ತ ಕೇಳುತ್ತಾಳೆ.

ನೆಂಟರಿಷ್ಟರೆಲ್ಲ ಅವನನ್ನು ಜುಗ್ಗ ಎಂದುಕೊಂಡಿದ್ದರು. ಜುಗ್ಗತನವೇನೋ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಚಾಳೀಸಿನ ವಿಷಯ ಬೇರೆ. ಬೆಳಗಿನಿಂದ ಸಂಜೆಯವರೆಗೆ ಊರವರ ಪುಸ್ತಕಗಳ ಬೆನ್ನು ಹೊಲಿಯುವವನನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಅವನ ಮಾತಿಗೆ ಕಿವಿಗೊಡುವ ಜೀವ ಲೋಕದಲ್ಲಿ ಒಂದೇ, ಅದೂ ದಿನಕ್ಕೆ ಅರ್ಧ ಗಂಟೆ. ಅವಳಿಗೂ ಒಂದು ಚಾಳೀಸು ಬಂದರೆ ಅವಳೇ ಓದಿಕೊಳ್ಳುತ್ತಾಳೆ, ಆಮೇಲೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಸಂಕಟ ಅವನದು.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೆಂಡತಿ ಏನಾದರೂ ಬೇಕು ಎಂದ ಮರುದಿನವೇ ಪತ್ರಿಕೆಯಲ್ಲಿ ಅದರ ಸುದ್ದಿ ಬಂದುಬಿಡುತ್ತಿತ್ತು. ಸೋಫಾ ಕೇಳಿದಾಗ, ಸೋಫಾದಲ್ಲಿ ಕೂತವರ ಬೆನ್ನು ಬಾಗುತ್ತದೆಂದು ತಜ್ಞರು ಎಚ್ಚರಿಸಿದರು. ಹೋಟೆಲಿಗೆ ಹೋಗೋಣ ಎಂದಾಗ ಅಡುಗೆಯವರೆಲ್ಲ ಮುಷ್ಕರ ಹೂಡಿದರು. ಎರಡು ವರ್ಷದಿಂದ ಅವಳು, ಬಟ್ಟೆ ಹಿಂಡಿ ಹಿಂಡಿ ಮಣಿಕಟ್ಟು ನೋಯುತ್ತದೆ, ಒಗೆಯುವ ಮಷೀನು ಬೇಕು ಎನ್ನುತ್ತಿದ್ದಳು. ಆ ಎರಡು ವರ್ಷವೂ ಜಗತ್ತಿನ ಮಷೀನುಗಳು ಕುಣಿಕುಣಿದು ಗೋಡೆಗೆ ಗುದ್ದಿದವು. ಒಂದಂತೂ ಮಾಲೀಕನ ಅಂಗಿಯನ್ನು ನುಂಗಿ ತೋಳನ್ನಷ್ಟೇ ವಾಪಸು ಕೊಟ್ಟಿತು. ಇದಾವುದೂ ಎಲ್ಲಿಯೂ ಅಚ್ಚಾದದ್ದಲ್ಲ. ಬೈಂಡರ್ ಮುಖದ ಗೆರೆ ಅಲುಗಿಸದೆ ರೀಲು ಬಿಟ್ಟದ್ದು.

ಹೆಂಡತಿ ಹೊಸ ಚಾಳೀಸು ಹಾಕಿಕೊಂಡು ಪತ್ರಿಕೆಗೆ ಕೈ ಚಾಚಿದಳು.

“ಹೊಸ ಕನ್ನಡಕ ಹಾಕಿದ ದಿನ ಓದಬಾರದಂತೆ, ತಲೆ ಸುತ್ತುತ್ತಂತೆ,” ಎಂದ ಬೈಂಡರ್. “ಮೊನ್ನೆ ಪೇಪರಲ್ಲಿತ್ತು.”

ಮಗಳು ಅದು ಯಾವ ಪೇಪರು ಎಂದು ವಿಚಾರಿಸಿದಳು. ಅವನಿಗೆ ನೆನಪಾಗಲಿಲ್ಲ. ಅಷ್ಟರಲ್ಲಿ ಹೆಂಡತಿ ಒಳಪುಟ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಥೇಟ್ ಅವನದೇ ಧಾಟಿಯಲ್ಲಿ ಓದತೊಡಗಿದಳು.

“ಗಂಡನ ಮಾತು ನಂಬಿ ಎರಡು ವರ್ಷ ಬಟ್ಟೆ ಹಿಂಡಿದ ಮಹಿಳೆ. ಕೈ ನೋಡಿದ ವೈದ್ಯರಿಗೇ ದಿಗ್ಭ್ರಮೆ.”

ಬೈಂಡರ್ ಬಗ್ಗಿ ಇಣುಕಿದ. ಬರಿಗಣ್ಣಿಗೂ ಕಾಣುವಷ್ಟು ದೊಡ್ಡದಾಗಿ, ಪುಟದ ತುಂಬ ಒಂದು ಟೈರಿನ ಜಾಹೀರಾತು. ಯಾವಾಗಿನಿಂದ ಗೊತ್ತು ಎಂದು ಮೆಲ್ಲಗೆ ಕೇಳಿದ.

“ಹಗಲೆಲ್ಲ ಕನ್ನಡಕ ಯಾರ ಹತ್ರ ಇರುತ್ತೆ?” ಎಂದಳು ಅವಳು. “ನೀವು ಓದಿಟ್ಟ ಪೇಪರ್ ಯಾರ ಮನೇಲಿ ಇರುತ್ತೆ?”

ಹನ್ನೊಂದು ವರ್ಷದಲ್ಲಿ ಇದೊಂದು ಅವನ ತಲೆಗೆ ಹೊಳೆದಿರಲಿಲ್ಲ. ಮಗಳು ಗೋಡೆಯ ಕಡೆ ತಿರುಗಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು.

“ಗೊತ್ತಿದ್ದೂ ಸುಮ್ಮನಿದ್ಯಾ?”

“ಅಚ್ಚಾಗಿರೋದಕ್ಕಿಂತ ನಿಮ್ಮದೇ ಚೆನ್ನಾಗಿರ್ತಿತ್ತು. ಆ ಅಂಗಿ ತೋಳಿನ ಸುದ್ದಿಗೆ ಮಾರನೇ ದಿನವೆಲ್ಲ ನಗ್ತಾ ಹೊಲಿದೆ. ಆದ್ರೆ ನಕ್ಕರೆ ಕೈನೋವು ಹೋಗಲ್ಲ ನೋಡಿ.”

ಬೈಂಡರನಿಗೆ ನಾಚಿಕೆಯಾಯಿತು. ಇಷ್ಟು ವರ್ಷವೂ ಅವಳು ಬೇಕೆಂದೇ ಕೂತು ಕೇಳಿದ್ದಾಳೆ ಎಂದು ಅದರ ಬೆನ್ನಿಗೇ ಸಂತೋಷವೂ ಆಯಿತು. ಮೊದಲ ಸಲ ಅವಳ ಮಣಿಕಟ್ಟನ್ನು ಸರಿಯಾಗಿ ನೋಡಿದ. ಅದು ಊದಿಕೊಂಡಿತ್ತು.

ಅವಳು ಹೊಸ ಚಾಳೀಸನ್ನು ತೆಗೆದು ಡಬ್ಬಿಯಲ್ಲಿಟ್ಟಳು. ಹಳೆಯದನ್ನು ಸೆರಗಿನಲ್ಲಿ ಒರೆಸಿ ಗಂಡನ ಮೂಗಿಗೇರಿಸಿದಳು. ಅದೇ ಪುಟವನ್ನು ಅವನ ಮುಂದೆ ಹಿಡಿದು, ಉಳಿದದ್ದನ್ನು ನೀವೇ ಓದಿ ಎಂದು ತರಕಾರಿಯ ಮುಂದೆ ಕೂತಳು.

ಬೈಂಡರ್ ಟೈರನ್ನೇ ದಿಟ್ಟಿಸಿದ. ಎರಡು ಸಲ ಕೆಮ್ಮಿದ.

“ಬರುವ ಶನಿವಾರ ಮಧ್ಯಾಹ್ನ, ಬೈಂಡರ್ ಒಬ್ಬರು, ಹೆಂಡತಿಯನ್ನು ಕರೆದುಕೊಂಡು ಒಗೆಯುವ ಮಷೀನು ಕೊಳ್ಳಲು ಹೋಗುವ ನಿರೀಕ್ಷೆಯಿದೆ.”

“ನಿರೀಕ್ಷೆ ಅಂತಿಲ್ಲ ಅಲ್ಲಿ,” ಎಂದಳು ಹೆಂಡತಿ, ಕತ್ತೆತ್ತದೆ. “ಸರಿಯಾಗಿ ನೋಡಿ ಓದಿ.”