ಒಂದನೇ ಬ್ಯಾಂಡ್

ಮತ್ತೆ ಕೆಂಪು!

ಕ್ಯಾಪ್ಟನ್ ಮೂರು ಮಹಡಿ ಹತ್ತಿ ಬಂದು ಲ್ಯಾಬಿನ ಕುರ್ಚಿಯಲ್ಲಿ ಕುಸಿದಿದ್ದಳಷ್ಟೆ. ಪರದೆಯ ಹಸಿರು ದೀಪ ಆರಿ ಕೆಂಪು ಹೊತ್ತಿಕೊಂಡಿತು. ಕೆಳಗೆ ಅದೇ ಹಾಳು ಸಾಲು: ‘ಬ್ಯಾಂಡ್ 1: ಅಪಾಯ’. ಲಿಫ್ಟ್ ಕೆಟ್ಟು ವಾರವಾಗಿತ್ತು. ಏದುಸಿರಲ್ಲೇ ಅವಳು ಮೌನಿಯತ್ತ ತಿರುಗಿದಳು.

“ನಾನು ಒಳಗೆ ಕಾಲಿಟ್ಟ ತಕ್ಷಣ ಇದು ಕೆಂಪಾಗುತ್ತಲ್ಲ, ಏನೋ ಮಾಡ್ತಿದ್ದೀಯ ನೀನು?”

“ಏನೂ ಇಲ್ಲ,” ಎಂದ ಮೌನಿ. ಅವನ ಮಣಿಕಟ್ಟಿನ ಬ್ಯಾಂಡಿನ ಮೇಲೆ 1 ಎಂಬ ಚೀಟಿಯಿತ್ತು. ಬೆಸುಗೆ ಹಾಕಿ ಬ್ಯಾಂಡುಗಳನ್ನು ಕಟ್ಟಿದವನೂ ಅವನೇ, ಚೀಟಿ ಅಂಟಿಸಿದವನೂ ಅವನೇ. ಎರಡನೆಯದು ಕ್ಯಾಪ್ಟನ್ ಕೈಯಲ್ಲಿತ್ತು, ಮೂರನೆಯದು ಹರಟೆಮಲ್ಲನ ಕೈಯಲ್ಲಿ.

ಮೂವರದೂ ಕಂಪ್ಯೂಟರ್ ಎಂಜಿನಿಯರಿಂಗಿನ ಕೊನೆಯ ವರ್ಷ, ಇದು ಕೊನೆಯ ಪ್ರಾಜೆಕ್ಟ್. ಬ್ಯಾಂಡ್ ಎದೆಬಡಿತವನ್ನು ಗಮನಿಸುತ್ತದೆ, ತಾಳ ತಪ್ಪಿದರೆ ಎಚ್ಚರಿಸುತ್ತದೆ. ಪ್ರೋಗ್ರಾಮ್ ಪೂರ್ತಿ ಕ್ಯಾಪ್ಟನ್ ಬರೆದದ್ದು. ಎಲ್ಲರ ಎದೆಯೂ ಸರಿಯಿದ್ದರೆ ಪರದೆಯಲ್ಲಿ ಒಂದೇ ಒಂದು ಹಸಿರು ದೀಪ. ಯಾರದ್ದಾದರೂ ತಪ್ಪಿದರೆ ಕೆಂಪು, ಜೊತೆಗೆ ಆ ಬ್ಯಾಂಡಿನ ಸಂಖ್ಯೆ.

ಈ ಪ್ರಾಜೆಕ್ಟೇ ಬೇಕೆಂದು ಹಟ ಹಿಡಿದವಳು ಅವಳು. ಅವಳಪ್ಪ ಕಳೆದ ವರ್ಷ ಒಂದು ಮಧ್ಯಾಹ್ನ, “ಏನಿಲ್ಲ ಮಗಳೇ, ಸುಸ್ತು ಅಷ್ಟೆ, ಐದು ನಿಮಿಷ ಒರಗ್ತೀನಿ” ಎಂದು ಒರಗಿದವರು ಏಳಲೇ ಇಲ್ಲ. ನಲವತ್ತೈದು ಕೂಡ ದಾಟಿರಲಿಲ್ಲ ಪಾಪ. ಆ ವರ್ಷ ಅವಳು ಪ್ರಾಜೆಕ್ಟಿನಲ್ಲಿ ಫೇಲಾದಳು. ಇನ್ನೊಮ್ಮೆ ಫೇಲಾದರೆ ಕಾಲೇಜಿನಿಂದಲೇ ಹೊರಗೆ. ಪರೀಕ್ಷಕರು ಬರುವುದು ನಾಳೆ ಬೆಳಿಗ್ಗೆ, ಈ ಕೆಂಪು ದೀಪ ನೋಡಿದರೆ ಕಥೆ ಮುಗಿದಂತೆಯೇ.

“ಡಾಕ್ಟರ್ ಹತ್ರ ಹೋಗಿದ್ದೆ,” ಎಂದ ಮೌನಿ. “ಎಲ್ಲಾ ಟೆಸ್ಟ್ ಮಾಡಿದ್ರು. ಹೃದಯ ಗಟ್ಟಿಮುಟ್ಟಾಗಿದೆ ಅಂದ್ರು.”

“ಮತ್ತೆ? ನೀನು ಚೆನ್ನಾಗಿದ್ದೀಯ ಅಂದ್ರೆ ನಿನ್ನ ಬ್ಯಾಂಡೇ ಕೆಟ್ಟಿದೆ ಅಂತ ತಾನೇ?”

“ಬೆಸುಗೆ ಎರಡು ಸಲ ಬಿಚ್ಚಿ ನೋಡಿದೆ, ಸರಿಯಿದೆ. ಪ್ರೋಗ್ರಾಮ್ ಒಂದ್ಸಲ ನೋಡೋಣ್ವಾ?”

ಅಷ್ಟು ಸಾಕಾಯಿತು, ಕ್ಯಾಪ್ಟನ್‌ಗೆ ಮೈಯೆಲ್ಲ ಉರಿದುಹೋಯಿತು. ಹಗಲೂ ರಾತ್ರಿ ಕೂತು ಬರೆದವಳಿಗೆ ಇವನು ಬುದ್ಧಿ ಹೇಳುವುದೇ? ಮೊನ್ನೆ ಇವನೇ ಪಕ್ಕದ ತಂಡದವರೊಂದಿಗೆ ಕ್ಯಾಂಟೀನಿನಲ್ಲಿ ಗುಸುಗುಸು ನಡೆಸುತ್ತಿದ್ದ. ಅವಳಿಗೆ ಎಲ್ಲವೂ ಒಂದಕ್ಕೊಂದು ತಾಳೆಯಾಯಿತು. ಬೇಕೆಂದೇ ಕೆಡಿಸುತ್ತಿದ್ದಾನೆ!

ಹರಟೆಮಲ್ಲ ನಡುವೆ ಬಂದ. “ಹೋಗ್ಲಿ ಬಿಡ್ರಪ್ಪ, ಒಳ್ಳೆ ಅತ್ತೆ ಸೊಸೆ ಥರ ಆಡ್ತೀರಲ್ಲ!” ಯಾರೂ ನಗಲಿಲ್ಲ.

ಕ್ಯಾಪ್ಟನ್ ನೇರವಾಗಿ ಗೈಡ್ ಮೇಡಂ ಕೋಣೆಗೆ ಹೋದಳು. “ತಂಡದಿಂದ ತೆಗೆದ್ರೆ ಅವನ ವರ್ಷ ಹೋಗುತ್ತಮ್ಮ,” ಎಂದರು ಮೇಡಂ. “ಇಟ್ಕೊಂಡ್ರೆ ನಮ್ಮಿಬ್ಬರದ್ದೂ ಹೋಗುತ್ತೆ, ಮೇಡಂ.” ಮೇಡಂ ನಿಟ್ಟುಸಿರು ಬಿಟ್ಟು ಒಪ್ಪಿದರು. ಕ್ಯಾಪ್ಟನ್ ಲ್ಯಾಬಿಗೆ ಮರಳಿ ಮೌನಿಗೆ ವಿಷಯ ಹೇಳಿದಳು. ಅವನು ಬ್ಯಾಂಡ್ ಬಿಚ್ಚಿ, ಬ್ಯಾಟರಿ ಕಳಚಿ ಮೇಜಿನ ಮೇಲಿಟ್ಟು ಹೊರಟುಹೋದ. ಅವನ ಕಣ್ಣು ತುಂಬಿದ್ದನ್ನು ಹರಟೆಮಲ್ಲ ನೋಡಿದ. ಕ್ಯಾಪ್ಟನ್ ನೋಡಲಿಲ್ಲ, ಆಗಲೇ ಅವಳು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸುತ್ತಿದ್ದಳು: ಬ್ಯಾಂಡ್ 1 ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡ.

ದೀಪ ಹಸಿರಾಯಿತು, ಹಾಗೇ ಉಳಿಯಿತು.

ಮರುದಿನ ಪರೀಕ್ಷಕರು ಲ್ಯಾಬಿಗೆ ಬಂದರು. “ಎಷ್ಟು ಜನ ನೀವು?”

“ನಾನು ಸೊನ್ನೆ ಸರ್, ಇವಳು ಒಂದು,” ಎಂದ ಹರಟೆಮಲ್ಲ. “ಕಂಪ್ಯೂಟರಿನವರ ಎಣಿಕೆ ಸೊನ್ನೆಯಿಂದಲೇ ಶುರು ಅಲ್ವಾ!”

ಪರೀಕ್ಷಕರು ಬಿದ್ದುಬಿದ್ದು ನಕ್ಕರು. ಕ್ಯಾಪ್ಟನ್ ಕೂಡ ನಕ್ಕಳು. ಬ್ಯಾಂಡ್ ಕಟ್ಟಿಕೊಂಡೇ ಮೆಟ್ಟಿಲು ಇಳಿದು ಹತ್ತಿ ಬನ್ನಿ ಎಂದರು ಪರೀಕ್ಷಕರು. ಇಬ್ಬರೂ ಇಳಿದು ಹತ್ತಿದರು. ಕ್ಯಾಪ್ಟನ್ ಬೆವರಿ ತೊಪ್ಪೆಯಾಗಿದ್ದಳು, ಮುಖ ಬಿಳಿಚಿಕೊಂಡಿತ್ತು. ದೀಪ ಮಾತ್ರ ಅಲುಗದೆ ಹಸಿರಾಗಿತ್ತು.

“ಶಭಾಷ್! ಸುಳ್ಳು ಎಚ್ಚರಿಕೆ ಒಂದೂ ಇಲ್ಲ,” ಎಂದು ಬೆನ್ನು ತಟ್ಟಿ ಅವರು ಪಕ್ಕದ ತಂಡದತ್ತ ನಡೆದರು.

ಕ್ಯಾಪ್ಟನ್ ಬ್ಯಾಂಡ್ ಕೂಡ ಬಿಚ್ಚದೆ ಹೊರಗಿನ ಬೆಂಚಿನ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದಳು. “ಗೆದ್ವಿ ಅಮ್ಮ. ಇನ್ಮೇಲೆ ಯಾರಪ್ಪನೂ ಹಾಗೆ ಹೋಗಬೇಕಾಗಿಲ್ಲ.” ಆ ಕಡೆ ಅಮ್ಮ ಅಳುತ್ತಿದ್ದಳು, ಈ ಕಡೆ ಇವಳೂ ಅತ್ತಳು. ಹರಟೆಮಲ್ಲ ಕಾಫಿ ತರಲು ಹೊರಟ. “ಬೇಗ ಬಾರೋ,” ಎಂದಳು. “ಯಾಕೋ ಸುಸ್ತು. ಐದು ನಿಮಿಷ ಒರಗ್ತೀನಿ.”

ಮೌನಿ ಬೆಸುಗೆಯ ಸಾಮಾನು ಒಯ್ಯಲು ಹಿಂಬಾಗಿಲಿನಿಂದ ಲ್ಯಾಬಿಗೆ ಬಂದ. ಯಾರೂ ಇರಲಿಲ್ಲ. ಪರದೆಯ ಮೇಲೆ ಪ್ರೋಗ್ರಾಮ್ ತೆರೆದೇ ಇತ್ತು. ಅವಳು ಸೇರಿಸಿದ ಸಾಲು ಕಣ್ಣಿಗೆ ಬಿತ್ತು. ತನ್ನ ಒಂದು ವರ್ಷ ನುಂಗಿದ ಸಾಲು! ಅದನ್ನು ಅಳಿಸಿಬಿಟ್ಟ.

ತಕ್ಷಣ ಕೆಂಪು. ‘ಬ್ಯಾಂಡ್ 1: ಅಪಾಯ’.

ಅವನು ಮೇಜಿನತ್ತ ನೋಡಿದ. ಅವನ ಬ್ಯಾಂಡ್ ಅಲ್ಲೇ ಬಿದ್ದಿತ್ತು, ಬ್ಯಾಟರಿಯಿಲ್ಲದೆ.

ಪ್ರೋಗ್ರಾಮಿನ ಮೊದಲ ಪುಟಕ್ಕೆ ಹೋದ. ಅವನು ಚೀಟಿ ಅಂಟಿಸಿದ್ದು ಒಂದು, ಎರಡು, ಮೂರು ಎಂದು. ಅವಳು ಬ್ಯಾಂಡುಗಳನ್ನು ಎಣಿಸಿದ್ದು ಸೊನ್ನೆ, ಒಂದು, ಎರಡು ಎಂದು. ಸೊನ್ನೆ ಅವನದ್ದು. ಒಂದು ಅವಳದ್ದು.

ಮೌನಿ ಅವಳ ಹೆಸರು ಕೂಗುತ್ತಾ ಹೊರಗೆ ಓಡಿದ. ಬೆಂಚಿನ ಪಕ್ಕದಲ್ಲಿ ಎರಡು ಲೋಟ ಹಿಡಿದು ನಿಂತಿದ್ದ ಹರಟೆಮಲ್ಲ ತುಟಿಯ ಮೇಲೆ ಬೆರಳಿಡಲಾಗದೆ ತಲೆಯಾಡಿಸಿದ.

“ಶ್... ಕೂಗಬೇಡ್ವೋ. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಮಲಗಿದಾಳೆ.”