ಕೆಂಪು ದೀಪ

ಹೊಸ ಮೈಕನ್ನು ನಡೆಸುವ ಡ್ರೈವರ್ ಕೋಡನ್ನು ಪರಿಶೀಲಿಸಲು ಕೂತ ಇಂದುಮತಿ ಮೇಡಂ ಒಂದೇ ಸಾಲಿಗೆ ಗಂಟುಬಿದ್ದಿದ್ದರು. ಕೋಡ್ ಬರೆದ ಸುಧನ್ವನಿಗೆ ತಲೆ ಚಿಟ್ಟುಹಿಡಿದಿತ್ತು. ಮೇಜಿನ ಮೇಲಿದ್ದ ಆ ಮೈಕಿಗೆ ಪಕ್ಕದ ಹಾಲಿನ ಸ್ಪೀಕರನ್ನು ಆಗಲೇ ಜೋಡಿಸಿಯಾಗಿತ್ತು. ಅಲ್ಲಿ ಬಾಸ್ ಗಿರಾಕಿಗಳನ್ನು ಕೂರಿಸಿಕೊಂಡು ಕಾಯುತ್ತಿದ್ದರು.

“ಮ್ಯೂಟ್ ಮಾಡೋಕೆ ಕೋಡಲ್ಲಿ ನೀನು ಬರೆದಿರೋ ಅಡ್ರೆಸ್ ಹಳೇ ಸರ್ಕ್ಯೂಟ್ ಬೋರ್ಡಿಂದು ಕಣಪ್ಪ. ಹೊಸದ್ರಲ್ಲಿ ಅದು ಬರೀ ದೀಪದ್ದು. ದೀಪ ಹತ್ತುತ್ತೆ, ಮೈಕ್ ಆಫ್ ಆಗಲ್ಲ.”

ಸುಧನ್ವ ಮೈಕಿನ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

“ನೋಡಿ ಮೇಡಂ, ಆಫ್ ಆಯ್ತಲ್ಲ! ಸುಮ್ನೆ ಪಾಸ್ ಮಾಡಿ. ಬಾಸ್‌ಗೇನು ಗೊತ್ತಾಗುತ್ತೆ? ಟೀವಿ ರಿಮೋಟನ್ನೇ ತಲೆಕೆಳಗಾಗಿ ಹಿಡಿಯೋ ಆಸಾಮಿ!”

ಗೋಡೆಯಾಚೆ ಗೊಳ್ಳೆಂದು ನಗು ಎದ್ದಿತು. ಅದರ ಹಿಂದೆಯೇ ಬಾಸ್ ದನಿ: “ರಿಮೋಟ್ ಆಮೇಲೆ ನೆಟ್ಟಗೆ ಹಿಡೀತೀನಪ್ಪ, ಮೊದ್ಲು ಮೇಡಂ ಹೇಳಿದ್ ಅಡ್ರೆಸ್ ಸರಿಮಾಡು!”