ಕಲ್ಲಿನ ತಾಯಿಯ ಮಗ

ಎದೆಯ ಮೇಲೆ ಎರಡು ಸಲ ತಟ್ಟಿದರೂ ಮಗನ ಹೆಬ್ಬೆರಳು ಏಳಲಿಲ್ಲ.

ಅಚ್ಚಿನಮ್ಮ ಇನ್ನೊಮ್ಮೆ ತಟ್ಟಿದಳು. ನಾಟಕ ತಂಡದವರು ಅವಳನ್ನು ಕರೆಯುತ್ತಿದ್ದುದೇ ಹಾಗೆ. ರಾಜನ ಕಿರೀಟವಿರಲಿ, ರಾಕ್ಷಸನ ಮೂತಿಯಿರಲಿ, ಅಚ್ಚು ತೆಗೆದು ಕೊಡುವವಳು ಅವಳೇ. ಈಗ ಮೇಜಿನ ಮೇಲೆ ಅಂಗಾತ ಮಲಗಿದ್ದವನು ಅವಳ ಒಬ್ಬನೇ ಮಗ, ತಂಡದ ದೀಪಗಳನ್ನು ನೋಡಿಕೊಳ್ಳುವವನು. ಅವನ ಮುಖದ ತುಂಬ ಹಲ್ಲಿನ ಡಾಕ್ಟರು ಬಳಸುವಂಥ ಗುಲಾಬಿ ಲೇಪ, ಅದರ ಮೇಲೆ ಪ್ಲಾಸ್ಟರಿನ ಒದ್ದೆ ಪಟ್ಟಿ. ಉಸಿರಿಗೆಂದು ಬಿಟ್ಟದ್ದು ಮೂಗಿನ ಹೊಳ್ಳೆ ಮಾತ್ರ. ಕಿವಿಗೆ ಹತ್ತಿ ತುರುಕಿರುವುದರಿಂದ ಮಾತು ಕೇಳಿಸದು. ಎದೆ ತಟ್ಟಿದರೆ ಹೆಬ್ಬೆರಳು ಎತ್ತಬೇಕು, ಎತ್ತಿದರೆ ಎಲ್ಲ ಸರಿ ಎಂದು ಲೆಕ್ಕ. ಅಚ್ಚಿಗೆ ಮುಖ ಕೊಟ್ಟವರು ಯಾರೂ ಈತನಕ ಆ ಲೆಕ್ಕ ತಪ್ಪಿಸಿರಲಿಲ್ಲ.

"ಇವನು ಬೆರಳು ಎತ್ತುತ್ತಿಲ್ಲ."

"ಪಾತ್ರದೊಳಗೆ ಇಳಿದಿದ್ದಾನೆ ಬಿಡಿ," ಎಂದ ಪಕ್ಕದಲ್ಲಿ ನಿಂತಿದ್ದ ನಿರ್ದೇಶಕ. "ಇನ್ನೆರಡು ನಿಮಿಷ. ಲೇಪ ಇನ್ನೂ ಗಟ್ಟಿಯಾಗಿಲ್ಲ."

ಆ ಪಾತ್ರ ಎದುರಿನ ಗೋಡೆಗೆ ಚುಚ್ಚಿದ ಫೋಟೋದಲ್ಲಿತ್ತು. ಐನೂರು ವರ್ಷದ ಹಿಂದೆ, ಯುರೋಪಿನ ರಿನೈಸಾನ್ಸ್ ಕಾಲದಲ್ಲಿ, ಯಾರೋ ಅಮೃತಶಿಲೆಯಲ್ಲಿ ಕಡೆದ ತಾಯಿ; ಅವಳ ಮಡಿಲಲ್ಲಿ ಸತ್ತ ಮಗ. ಆ ತಾಯಿ ಅಂಚೆಚೀಟಿಯಾಗಿದ್ದಾಳೆ, ಮೇಣದ ಬತ್ತಿಯಾಗಿ ಉರಿದಿದ್ದಾಳೆ, ಆಟಿಕೆ ಅಂಗಡಿಯ ಕಪಾಟಿನಲ್ಲೂ ಕೂತಿದ್ದಾಳೆ. ನಮ್ಮ ನಿರ್ದೇಶಕನಿಗೆ ಅವಳು ಕುಣಿಯಲೇಬೇಕಿತ್ತು. "ಕಲ್ಲಿನ ತಾಯಿ ಐನೂರು ವರ್ಷದಿಂದ ಕೂತೇ ಇದ್ದಾಳೆ. ನಮ್ಮವಳು ಮಗನನ್ನ ಎತ್ತಿಕೊಂಡು ಏಳ್ತಾಳೆ!" ಎಂದು ಮೊದಲ ತಾಲೀಮಿನಲ್ಲೇ ಕೈ ಬೀಸಿ ಸಾರಿದ್ದ. ಎತ್ತಬೇಕೆಂದರೆ ಹೆಣ ಹಗುರವಾಗಿರಬೇಕಲ್ಲ? ಕಾಗದದ ಮೈ ತಯಾರಾಯಿತು, ಮುಖವೊಂದು ಉಳಿಯಿತು. ಬತ್ತಿದ ಕೆನ್ನೆಯವನು ಇವನೇ ಎಂದು ನಿರ್ದೇಶಕ ಮಗನತ್ತ ಬೆರಳು ಮಾಡಿದಾಗ ಅಚ್ಚಿನಮ್ಮ ಒಲ್ಲೆನೆಂದಿದ್ದಳು. ಹೆತ್ತವಳ ಕೈಯಿಂದಲೇ ಮಗನ ಹೆಣದ ಮುಖವೇ? "ಬಿಡಮ್ಮ, ಮುಖಕ್ಕೆ ಒಂದಿಷ್ಟು ಮೆತ್ತಿದ ಮಾತ್ರಕ್ಕೆ ಯಾರೂ ಸಾಯಲ್ಲ," ಎಂದು ಮಗ ನಕ್ಕುಬಿಟ್ಟಿದ್ದ.

ಅವಳು ಅವನ ಮೂಗಿಗೆ ಕೈ ಅಡ್ಡ ಹಿಡಿದಳು. ಮೊಣಕೈವರೆಗೂ ಪ್ಲಾಸ್ಟರು ಒಣಗಿ ಹೆಪ್ಪುಗಟ್ಟಿದ ಕೈ. ಅದಕ್ಕೆ ಉಸಿರು ಹೇಗೆ ತಿಳಿಯಬೇಕು? ಒಂದು ಹೊಳ್ಳೆಯ ಅಂಚಿಗೆ ಲೇಪ ಜಾರಿದಂತೆ ಕಂಡಿತು. "ಮಗಾ!" ಎಂದು ಕೂಗಿದಳು. ಮತ್ತೆ ಕೂಗಿದಳು. ಹತ್ತಿ ತುರುಕಿದವಳು ತಾನೇ ಎಂದು ನೆನಪಾದಾಗ ಅವಳ ಕೈ ಅಚ್ಚಿನ ಅಂಚಿಗೆ ಹೋಯಿತು.

"ಕೀಳ್ತೀನಿ."

"ಹುಚ್ಚಾ ನಿಮಗೆ?" ನಿರ್ದೇಶಕ ಅವಳ ಮಣಿಕಟ್ಟು ಹಿಡಿದ. "ಲೇಪ ಪೂರ್ತಿ ಖಾಲಿಯಾಗಿದೆ, ನಾಳಿದ್ದು ಪ್ರದರ್ಶನ. ಈಗ ಕಿತ್ತರೆ ಮುಖವೆಲ್ಲ ಕಲಸುಮೇಲೋಗರ!"

"ಕೈ ಬಿಡಿ."

"ಒಂದೇ ಒಂದು ನಿಮಿಷ..."

ಅವಳು ದೂಡಿದ ರಭಸಕ್ಕೆ ಅವನು ಹೋಗಿ ನೀರಿನ ಬಕೆಟ್ಟಿಗೆ ಬಡಿದ. ಮಗನ ಗದ್ದದ ಕೆಳಗೆ ಉಗುರು ತೂರಿಸಿ ಅವಳು ಎಳೆಯತೊಡಗಿದಳು. ಲೇಪದೊಳಗೆ ಏನೋ ಅಲುಗಿತು, ಹೂತುಹೋದಂಥ ದನಿಯೊಂದು ಕೇಳಿಸಿತು. ಬಲವಾಗಿ ಜಗ್ಗಿದಾಗ ಅಚ್ಚು ಇಡಿಯಾಗಿ ಕಿತ್ತು ಬಂತು.

ಮಗ ಕಣ್ಣು ಪಿಳುಕಿಸಿ, ಕಿವಿಯ ಹತ್ತಿ ತೆಗೆದ. "ಏನಮ್ಮ ಅದು? ತಣ್ಣಗೆ ಹಾಯಾಗಿತ್ತು... ಜೊಂಪು ಹತ್ತಿಬಿಡ್ತು."

ಅಚ್ಚಿನಮ್ಮ ಅವನ ಕೆನ್ನೆಗೆ ಫಟಾರನೆ ಒಂದು ಬಿಟ್ಟಳು. ಮರುಗಳಿಗೆಯೇ ಆ ತಲೆಯನ್ನು ಎದೆಗೊತ್ತಿಕೊಂಡು, ನಿರ್ದೇಶಕನ ಮುಂದೆ ಎಂಬ ನಾಚಿಕೆಯನ್ನೂ ಬಿಟ್ಟು ಗೊಳೋ ಎಂದು ಅತ್ತಳು. ನಿರ್ದೇಶಕ ಮಾತ್ರ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಬೇರೆ ದಾರಿಯಿರಲಿಲ್ಲ. ಆ ಅಚ್ಚಿನೊಳಗೇ ತೆಳುವಾಗಿ ಪ್ಲಾಸ್ಟರು ಬಳಿದು, ಒಣಗಿದ ಮೇಲೆ ಬಿಡಿಸಿದಳು. ಹಣೆ, ಮುಚ್ಚಿದ ರೆಪ್ಪೆ, ಕುಸಿದ ಕೆನ್ನೆ, ಎಲ್ಲವೂ ಗೋಡೆಯ ಮೇಲಿನ ಕಲ್ಲಿನ ಮಗನದೇ. ತುಟಿಗಳು ಮಾತ್ರ ಬೇರೆಯಾಗಿದ್ದವು. ಏನೋ ಹೇಳಲು ಹೊರಟಂತೆ ತುಸು ತೆರೆದಿದ್ದವು. ಅವಳಿಗೆ ತಿಳಿಯಿತು. ನಿದ್ದೆಯಿಂದ ಬೆಚ್ಚಿ ಎದ್ದವನು ಮೊದಲು ಕರೆದದ್ದು ಅಮ್ಮನನ್ನು. ಬಾಯಿಯ ಸುತ್ತ ಲೇಪ ಇನ್ನೂ ಹಸಿಯಾಗಿತ್ತು. ಆ ಕರೆ ಅಲ್ಲೇ ಹಾಗೇ ನಿಂತುಬಿಟ್ಟಿತ್ತು.

"ಛೆ, ಹೆಣ ಎಲ್ಲಾದರೂ ಮಾತಾಡಕ್ಕೆ ಹೊರಡುತ್ತಾ?" ಎಂದ ನಿರ್ದೇಶಕ. "ಆ ಸಂದಿಗೆ ಒಂಚೂರು ತುಂಬಿ, ಉಜ್ಜಿ, ಬಾಯಿ ಮುಚ್ಚಿಬಿಡಿ. ನಿಮಗೇನು, ಚಿಟಿಕೆ ಹೊಡೆಯೋದರಲ್ಲಿ ಆಗೋ ಕೆಲಸ."

ಅವನು ಹೇಳಿದ್ದೂ ನಿಜವೇ. ಅವಳು ಬಟ್ಟಲಲ್ಲಿ ಪ್ಲಾಸ್ಟರು ಕಲಸಿ, ಚೂರಿಯ ತುದಿಯಲ್ಲಿ ತೆಗೆದುಕೊಂಡು ಆ ತುಟಿಯ ಹತ್ತಿರ ಒಯ್ದಳು. ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ. ಬಟ್ಟಲಲ್ಲಿದ್ದದ್ದು ನೋಡನೋಡುತ್ತ ಗಟ್ಟಿಯಾಯಿತು. ಅವಳು ಚೂರಿಯನ್ನು ಒರೆಸಿ ಮೇಜಿನ ಮೇಲಿಟ್ಟಳು.

"ನಿಮ್ಮ ತಾಯಿ ಮಗನನ್ನ ಎತ್ತಿಕೊಂಡು ಏಳ್ತಾಳೆ ಅಂದ್ರಲ್ಲ," ಎಂದಳು. "ಇವನು ಕರೀದೆ ಅವಳು ಹೇಗೆ ಏಳ್ತಾಳೆ?"